ಲಾಲು ತಂದ ಇಪ್ಪತ್ತೇಳು ಸಾವಿರದ ಏಳುನೂರಾ ಇಪ್ಪತ್ತು

ಮುಂಡಗೋಡದಿಂದ ಪಾಳಾಕ್ಕೆ ಹೋಗುವ ರಸ್ತೆಯಲ್ಲಿ, ಗೋವಿನಜೋಳದ ಹೊಲಗಳು ಮುಗಿದು ಸಾಗವಾನಿ ಶುರುವಾಗುವಲ್ಲಿ, ಎಡಕ್ಕೆ ಒಂದು ತಾಂಡಾ ಇದೆ. ಅಲ್ಲಿ ಮರಿಯಮ್ಮ ತಾಯಿ ಕೂತಿದ್ದಾಳೆ. ಅವಳು ಎಲ್ಲವನ್ನೂ ನೋಡುತ್ತಾಳೆ, ಆದರೆ ನಗುವುದು ಕಡಿಮೆ ಎಂದು ಹಿರಿಯರು ಹೇಳುತ್ತಾರೆ. ಕಳೆದ ವರ್ಷ ದಸರೆಯಿಂದ ಹೋಳಿಯ ತನಕ ಮಾತ್ರ ಬಹಳ ನಕ್ಕಿರಬೇಕು. ಯಾಕೆ ಎಂಬುದನ್ನು ಅವಳಿಗೇ ಕೈ ಮುಗಿದು ಹೇಳುತ್ತೇನೆ. ಹೇಳಿದ್ದರಲ್ಲಿ ಹೆಚ್ಚಾದದ್ದು ನನ್ನದು, ಉಳಿದದ್ದು ಅವಳದು.

ಆ ತಾಂಡಾದಲ್ಲಿ ಲಾಲು ಎಂಬ ಗೃಹಸ್ಥನಿದ್ದಾನೆ. ಎರಡೆಕರೆ ಜೋಳ, ಒಂದು ಎಮ್ಮೆ, ಚಂದ್ರಿಬಾಯಿ ಎಂಬ ಹೆಂಡತಿ. ಈ ಮೂರರಲ್ಲಿ ಅವನ ಮಾತಿಗೆ ತಲೆಯಾಡಿಸುವುದು ಜೋಳ ಒಂದೇ, ಅದೂ ಗಾಳಿ ಬಂದಾಗ. ಮನುಷ್ಯ ಒಳ್ಳೆಯವನು. ಎಣ್ಣೆ ತರಲು ಹೋಗಿ ಹೊಸ ಡಬ್ಬಿ ಮಾತ್ರ ತಂದವನು. ಮದುವೆಗೆಂದು ಹೋಗಿ, ಪಕ್ಕದ ಓಣಿಯ ಕುಬಸದ ಮನೆಯಲ್ಲಿ ಉಂಡು, ಬಸುರಿಗೆ ಆಶೀರ್ವಾದ ಮಾಡಿ, ಮದುವೆ ಚಲೋ ಆಯಿತು ಎಂದು ಹೇಳಿಕೊಂಡು ಬಂದವನು.

ಇಂಥವನನ್ನು ದೇವರ ಕೆಲಸಕ್ಕೆ ಕಳಿಸಬೇಕಾಗಿ ಬಂತು.

ತಾಂಡಾದ ಹೆಂಗಸರು ತಾಯಿಯ ಗುಡಿಗೆ ಒಂದು ಮೇಲ್ಕಟ್ಟು ಹೊಲಿಯಬೇಕಿತ್ತು. ತುಂಡುಗಳನ್ನು ಜೋಡಿಸಿದರೆ ಅಂಗಳದಷ್ಟು ಅಗಲವಾಗುವ ಕೆಂಪು ಬಟ್ಟೆ, ಅದರ ತುಂಬ ಉಗುರಿನಷ್ಟು ಕನ್ನಡಿ ಬಿಲ್ಲೆ. ಈ ಕೆಲಸಕ್ಕೆ ಅಲ್ಲಿ ಒಂದು ಕಟ್ಟಳೆ ಇದೆ. ತಾಯಿಯ ಹೆಸರಿನಲ್ಲಿ ತಂದ ಬಿಲ್ಲೆಯನ್ನು ಹಿಂದಕ್ಕೆ ಕೊಡುವಂತಿಲ್ಲ, ಎಸೆಯುವಂತಿಲ್ಲ. ಹೊಲಿಯಲು ಕೂತವರು ಸರಿಸಮ ಹಂಚಿಕೊಳ್ಳಬೇಕು, ಯಾಕೆಂದರೆ ಅವಳ ಮುಂದೆ ಯಾರ ಕೈಯೂ ದೊಡ್ಡದಲ್ಲ. ಸೂಜಿ ಹಿಡಿದು ಬಂದವಳು ಯಾರೇ ಇರಲಿ, ಬೇಡ ಎನ್ನುವಂತಿಲ್ಲ. ಮೊದಲ ಹೊಲಿಗೆ ಬಿದ್ದ ಮೇಲೆ ಪಾಲು ಗಟ್ಟಿ. ಅಲ್ಲಿಂದ ಮುಂದೆ ಯಾರೂ ಬರುವಂತಿಲ್ಲ, ಯಾರೂ ಏಳುವಂತಿಲ್ಲ.

ಎರಡು ವರ್ಷದ ಹಿಂದೆ ಹೀಗೇ ಹಂಚುವಾಗ ಒಂದೇ ಒಂದು ಬಿಲ್ಲೆ ಉಳಿಯಿತು. ಅದನ್ನು ನಾನು ಹೊಲಿಯುತ್ತೇನೆ ಎಂದಳು ಚಂದ್ರಿಬಾಯಿ, ತಾನು ಹಿರಿಯಳೆಂದು. ನಾನು ಎಂದಳು ಅವಳ ನೆಗೆಣ್ಣಿ ತುಳಜಾ, ಲಾಲುವಿನ ತಮ್ಮ ಹರೀಶನ ಹೆಂಡತಿ, ತಾನು ಕಿರಿಯಳೆಂದು. ಸಂಜೆಯೊಳಗೆ ಬಟ್ಟೆ ಅಟ್ಟ ಸೇರಿತು. ತಾಯಿ ಎರಡು ವರ್ಷ ನೀಲಿ ತಾಡಪತ್ರಿಯ ಕೆಳಗೆ ಕೂತಳು.

ಈ ಸಲ ತಾಂಡಾದ ನಾಯಕರು ಕಡ್ಡಿ ಮುರಿದಂತೆ ಹೇಳಿದ್ದರು: "ಈ ಸರ್ತಿನೂ ಮುರೀತಂದ್ರ ಮೇಲ್ಕಟ್ಟು ಹಳಿಯಾಳ ಕಡೀ ತಾಂಡಾದವರಿಗೆ ಕೊಟ್ಟಬಿಡ್ತೇನಿ. ಅವರು ಹೊಲೀಲಿ. ನಾವು ಹೋಗಿ ಚಪ್ಪಾಳಿ ಹೊಡದು ಬರೂಣು."

ಹಳಿಯಾಳ ಕಡೆಯ ಆ ತಾಂಡಾ ತುಳಜಾಳ ತವರು. ಇದನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಚಂದ್ರಿಬಾಯಿಯಂತೂ ಮರೆತೇ ಇರಲಿಲ್ಲ.

"ಹಳಿಯಾಳಕ್ಕ ಹೋಗ್ರಿ," ಎಂದು ಅವಳು ಗಂಡನಿಗೆ ಪಾಠ ಮಾಡಿದಳು. "ಹನ್ನೆರಡು ಡಜನ್ನಿನ ಪಾಕೀಟು, ಇನ್ನೂರು. ನಾ ಏನಂದೆ?"

"ಇನ್ನೂರು."

"ಎಲ್ಲೆ?"

"ಹಳಿಯಾಳ."

"ಇಳಿಯೂದೆಲ್ಲೆ?"

"ಅದೂ ಅಲ್ಲೇ ಏನು?" ಎಂದ ಲಾಲು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗಾಳಿ ಬಂತು. ಹಳಿಯಾಳ ಬಂತು, ಹಳಿಯಾಳ ಹೋಯಿತು. ಕಂಡಕ್ಟರ್ ಹೆಗಲು ಅಲುಗಿಸಿ "ಏಳ್ರಿ ಮಾವಾ, ದಾಂಡೇಲಿ, ಮುಂದ ಬಸ್ಸಿಲ್ಲ" ಎಂದಾಗ ಲಾಲು ಕಣ್ಣು ತೆರೆದ. ಇಳಿದವನಿಗೆ ಎದುರಿಗೇ ಅಮೀರಸಾಬರ ಬಳೆ, ಗುಂಡಿ, ಲೇಸಿನ ಅಂಗಡಿ ಕಂಡಿತು. ತಾಯಿಯೇ ಇಳಿಸಿದಳು ಎಂದುಕೊಂಡು ಒಳಗೆ ಹೋಗಿ ಹೆಸರು, ಊರು, ಬಂದ ಕೆಲಸ ಎಲ್ಲ ಹೇಳಿಕೊಂಡ.

"ಇನ್ನೂರು ಪಾಕೀಟು ಎಲ್ಲಿಂದ ತರ್ಲಿ ಲಾಲೂ ಭಾಯ್?" ಅಮೀರಸಾಬರು ಏಣಿ ಹತ್ತಿ ಧೂಳು ಜಾಡಿಸಿದರು. "ಈಗ ಎಲ್ಲಾರಿಗೂ ಸೂರತ್ತಿನ ಚಮಕೀನ ಬೇಕು. ಇವು ನಮ್ಮ ಅಬ್ಬಾನ ಕಾಲದಿಂದ ಕುಂತಾವ. ನೂರಾ ತೊಂಬತ್ತೆರಡು ಅದಾವ ನೋಡ್ರಿ. ಈ ಹರಕ ಪಾಕೀಟನೂ ಒಯ್ರಿ. ತಾಯೀ ಕೆಲಸಾ ಅಂತೀರಿ, ಅದರಾಗ ಎಷ್ಟದಾವೋ ಅಷ್ಟು."

ಲಾಲು ಚೀಲ ಹೊತ್ತುಕೊಂಡು ಬಂದ. ಅಂಗಳದಲ್ಲಿ ಹೆಂಗಸರೆಲ್ಲ ಸುತ್ತ ನಿಂತಿದ್ದರು. ಚಂದ್ರಿಬಾಯಿ ಪಾಕೀಟು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು, ಹರಕು ಪಾಕೀಟನ್ನು ಮೊರಕ್ಕೆ ಸುರಿದು ಅದನ್ನೂ ಎಣಿಸಿದಳು. ಎಪ್ಪತ್ತೆರಡು ಬಿಲ್ಲೆ. ತಲೆಯೆತ್ತಿದಳು.

"ಇನ್ನೂರು ಅಂದ್ರ ನೂರಾ ತೊಂಬತ್ತೆರಡು, ಮತ್ತ ಒಂದು ಹರಕ?"

"ಪುಣ್ಯಾ ಅನ್ರಿ ಯಕ್ಕಾ," ಎಂದಳು ತುಳಜಾ, ಸೆರಗು ಬಾಯಿಗಿಟ್ಟುಕೊಂಡು. "ಭಾವಾರು ನಮ್ಮ ಎಮ್ಮಿ ಮಾರಿ ಮಂದೀ ಎಮ್ಮಿ ಹೊಡಕೊಂಡು ಬರ್ಲಿಲ್ಲಲ್ಲ."

ಎಲ್ಲರೂ ನಕ್ಕರು. ಎಮ್ಮೆಯೂ ಒಮ್ಮೆ ಉಸಿರು ಬಿಟ್ಟಿತು. ಮನುಷ್ಯ ಹೆಂಡತಿಯ ಬೈಗುಳ ತಡೆದುಕೊಂಡಾನು, ತಮ್ಮನ ಹೆಂಡತಿಯ ನಗು ತಡೆದುಕೊಳ್ಳಲಾರ. ಲಾಲು ರುಮಾಲು ಸರಿಮಾಡಿಕೊಂಡ.

"ನಗಬ್ಯಾಡ್ರಿ. ಬೇಕಂತ ಲೆಕ್ಕಾ ಹಾಕಿ ತಂದೇನಿ. ನೀವು ಎಷ್ಟರ ಮಂದಿ ಕೂಡ್ರಿ, ಸರಿಸಮ ಬರ್ತೈತಿ. ಒಂದೂ ಉಳಿಯೂದಿಲ್ಲ."

ಈ ಮಾತು ಅವನ ಬಾಯಿಗೆ ಎಲ್ಲಿಂದ ಬಂತೋ ಅವನಿಗೇ ತಿಳಿಯದು. ಲೋಕದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಲೆಕ್ಕವಿಲ್ಲ. ಸುಳ್ಳು ಹೇಳಿ ನಿಜದ ಕೈಗೆ ಸಿಕ್ಕಿಬಿದ್ದವನು, ನಾನು ಕಂಡಂತೆ, ಲಾಲು ಒಬ್ಬನೇ.

ಮಂಗಳವಾರ ಅಂಗಳ ಸಾರಿಸಿ ಬಟ್ಟೆ ಹಾಸಿ ಹತ್ತು ಹೆಂಗಸರು ಸುತ್ತ ಕೂತರು. ಹರೀಶ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಮೊದಲು ಪಾಕೀಟಿನ ಗುಣಾಕಾರ ಮಾಡಿದ, ಅದಕ್ಕೆ ಹರಕಿನದನ್ನು ಕೂಡಿಸಿದ.

"ಒಟ್ಟು ಇಪ್ಪತ್ತೇಳು ಸಾವಿರದ ಏಳುನೂರಾ ಇಪ್ಪತ್ತು. ಹತ್ತು ಮಂದಿಗೆ ತಲಾ ಎರಡು ಸಾವಿರದ ಏಳುನೂರಾ ಎಪ್ಪತ್ತೆರಡು. ಏನೂ ಉಳಿಯೂದಿಲ್ಲ ವೈನಿ!"

"ಕಡೀಗೆ ಸೊನ್ನಿ ಇದ್ದದ್ದು ಹತ್ತಕ್ಕ ಸರಿಯಾಗ್ತೈತಿ. ಎರಡನೇತ್ತೆ ಹುಡುಗ್ರೂ ಹೇಳ್ತಾವ," ಎಂದಳು ತುಳಜಾ. "ಎಷ್ಟರ ಮಂದಿ ಕೂಡ್ರಿ ಅಂದಾರಲ್ಲ ಭಾವಾರು? ನಾ ಕೂಡೂದಿಲ್ಲ, ಹೋಗ್ರಿ." ಎದ್ದು ಬೇಲಿಯ ಕಡೆಗೆ ನಿಂತಳು.

ಹರೀಶ ಹೆಂಡತಿಯ ಮುಖ ನೋಡಿದ, ಅಣ್ಣನ ಮುಖ ನೋಡಿದ, ಯಾರ ಪಕ್ಷವನ್ನೂ ವಹಿಸದ ಮೊಬೈಲಿನ ಮುಖ ನೋಡಿದ. "ಒಂಬತ್ತು ಮಂದಿಗೆ... ಮೂರು ಸಾವಿರದ ಎಂಬತ್ತು. ಒಂದೂ ಉಳಿದಿಲ್ಲ."

ಬೇಲಿಯ ಕಡೆಯಿಂದ ತುಳಜಾ ತನ್ನ ಗೆಳತಿಗೆ ಕಣ್ಣು ಹೊಡೆದಳು. ಅವಳೂ ಎದ್ದಳು.

"ಎಂಟಕ್ಕ ಮೂರು ಸಾವಿರದ ನಾನೂರಾ ಅರವತ್ತೈದು. ಬರೋಬ್ಬರಿ."

ಇನ್ನೊಬ್ಬಳು ಎದ್ದಳು.

ಏಳು ಬಹಳ ಹಟಮಾರಿ ಅಂಕಿ. ಸಾಲೆಗೆ ಹೋದವರೆಲ್ಲ ಅದರ ಕೈಯಲ್ಲಿ ಪೆಟ್ಟು ತಿಂದವರೇ. ಲಾಲು ಎಮ್ಮೆಯ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡ.

"ಏಳಕ್ಕ..." ಹರೀಶ ಎರಡು ಸಲ ಒತ್ತಿ ನೋಡಿದ, "ಮೂರು ಸಾವಿರದ ಒಂಬೈನೂರಾ ಅರವತ್ತು! ಏನಣ್ಣಾ ಇದು!"

"ನಾ ಹೇಳಿದ್ದಿಲ್ಲೇನು?" ಎಂದು ಎಮ್ಮೆಯ ಹಿಂದಿನಿಂದ ದನಿ ಬಂತು. ಎಲ್ಲರಿಗಿಂತ ಹೆಚ್ಚು ಬೆರಗಾದ ದನಿ ಅದೇ.

ನಾಯಕರು ಕೋಲು ಊರಿ ಎದ್ದರು. "ಮುನಿಸಿಕೊಂಡವರನ್ನ ಹೊರಗಿಟ್ಟು ತಾಯೀ ಕೆಲಸಾ ಶುರು ಮಾಡೂದು ಬ್ಯಾಡ. ಶುಕ್ರವಾರ ಕೂಡೂಣು. ಅಂದೂ ಮುರೀತಂದ್ರ ಹಳಿಯಾಳದವರಿಗೆ ಫೋನ್ ಹಚ್ತೇನಿ." ಹೋಗುವಾಗ ಲಾಲುವಿನ ಹೆಗಲು ತಟ್ಟಿದರು. ಆ ಹೆಗಲನ್ನು ಅಲ್ಲಿಯ ತನಕ ತಟ್ಟಿದವರೆಂದರೆ ಬಸ್ಸಿನ ಕಂಡಕ್ಟರುಗಳು ಮಾತ್ರ.

ಹರೀಶ ಇದನ್ನೆಲ್ಲ ವಿಡಿಯೋ ಮಾಡಿ ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ. ಮರುದಿನ ಬೆಳಿಗ್ಗೆ ಪಾಳಾದಿಂದ ಒಬ್ಬ ಯಜಮಾನರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮೂರು ಮಂದಿ ಗಂಡುಮಕ್ಕಳು, ಹನ್ನೊಂದು ಮಾವಿನ ಗಿಡ, ದಿನಾ ಜಗಳ.

ಲಾಲುವಿಗೆ ಗೊತ್ತಿದ್ದ ಸಂಖ್ಯೆ ಒಂದೇ. "ಗಿಡಾ ಇಪ್ಪತ್ತೇಳು ಸಾವಿರದ ಏಳುನೂರಾ ಇಪ್ಪತ್ತು ಮಾಡ್ರಿ. ಆಮ್ಯಾಲ ಹಂಚ್ರಿ."

ಯಜಮಾನರು ಕಾಲು ಮುಟ್ಟಿ ಹೋದರು. ಮಕ್ಕಳು ಈಗ ಜಗಳ ಬಿಟ್ಟು ಗುಂಡಿ ತೋಡುತ್ತಿದ್ದಾರಂತೆ. ಜಗಳಕ್ಕೆ ಪುರಸೊತ್ತಿಲ್ಲ.

ಗುರುವಾರ ಜೀಪಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಈರೇಶ ಸಾಹೇಬರೇ ಬಂದರು. ಜೊಯಿಡಾದ ನರ್ಸರಿಯಿಂದ ಬಿದಿರು ಸಸಿ ತರಿಸಬೇಕಿತ್ತು. "ನಮ್ಮ ಮೆಂಬರ್ರು ಹನ್ನೊಂದು ಮಂದಿ ಲಾಲು ಅವರ. ಒಮ್ಮೊಮ್ಮೆ ಏಳು ಮಂದಿ ಒಂದು ಕಡಿ, ನಾಕು ಮಂದಿ ಒಂದು ಕಡಿ. ಚಾ ಕುಡದು ಬರೂದ್ರಾಗ ಐದು, ಆರು. ಎಷ್ಟು ಸಸಿ ತರಿಸಿದ್ರ ಯಾರೂ ಸಭಾ ಬಿಟ್ಟು ಎದ್ದು ಹೋಗೂದಿಲ್ಲ?"

ಲಾಲು ಕಣ್ಣು ಮುಚ್ಚಿದ. ಬಹಳ ಹೊತ್ತು ಮುಚ್ಚಿದ. ಚಂದ್ರಿಬಾಯಿ ಮೆಲ್ಲಗೆ ಮೊಣಕೈಯಿಂದ ತಿವಿದ ಮೇಲೆ ಕಣ್ಣು ತೆರೆದು ಹೇಳಿದ: "ಇಪ್ಪತ್ತೇಳು ಸಾವಿರದ ಏಳುನೂರಾ ಇಪ್ಪತ್ತು."

"ಅಬ್ಬಾ!" ಎಂದರು ಸಾಹೇಬರು. ಆ ಸಂಖ್ಯೆಯನ್ನು ಕಚೇರಿಯ ಗೋಡೆಗೆ ಬರೆಸಿ ಸುತ್ತ ಹೂವಿನ ಬಳ್ಳಿ ಬಿಡಿಸಿದರು. ಈಗ ಅದರ ಕೆಳಗೆ ಕೂತು ಮೆಂಬರುಗಳು ಜಗಳವಾಡುತ್ತಾರೆ, ಆದರೆ ತಗ್ಗಿದ ದನಿಯಲ್ಲಿ.

ಅಂದು ಸಂಜೆ, ಮದುವೆಯಾದಂದಿನಿಂದ ಮೊದಲ ಸಲ, ಚಂದ್ರಿಬಾಯಿ ಚಹಾದ ಮೊದಲ ಕಪ್ಪನ್ನು ಗಂಡನಿಗೆ ಕೊಟ್ಟಳು. ಲಾಲು ಕಪ್ಪನ್ನು ಎರಡೂ ಕೈಯಿಂದ ಹಿಡಿದುಕೊಂಡ. ಇಷ್ಟು ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟಾಗುತ್ತದೆ ಎಂಬ ಲೆಕ್ಕ ಅವನಿಗೂ ಬರುತ್ತಿತ್ತು.

ಶುಕ್ರವಾರ ತುಳಜಾ ಕೂತಳು. ಮುನಿಸು ಬಿಟ್ಟು ಕೂತಳು ಎಂದು ಯಾರೂ ತಿಳಿಯಬಾರದು. ತವರಿನಿಂದ ದೊಡ್ಡಪ್ಪನ ಮಗಳನ್ನು ಕರೆಸಿ ಪಕ್ಕದಲ್ಲಿ ಕೂಡಿಸಿಕೊಂಡು ಕೂತಳು. ಕೈಯಲ್ಲಿ ಸೂಜಿ ಇತ್ತು. ಬೇಡ ಎನ್ನುವಂತಿರಲಿಲ್ಲ.

"ಹನ್ನೊಂದಕ್ಕ ಎರಡು ಸಾವಿರದ ಐನೂರಾ ಇಪ್ಪತ್ತು, ಸರಿ," ಎಂದ ಹರೀಶ.

ಅಷ್ಟರಲ್ಲಿ ಇನ್ನೊಂದು ಬಸ್ಸು ಬಂದು ದೊಡ್ಡಪ್ಪನ ಇನ್ನೊಬ್ಬ ಮಗಳನ್ನು ಇಳಿಸಿತು.

"ಹನ್ನೆರಡಕ್ಕ ಎರಡು ಸಾವಿರದ ಮುನ್ನೂರಾ ಹತ್ತು. ಸರಿ! ಏ ತುಳಜಾ, ಸಾಕು ಮಾಡ. ನಿಮ್ಮ ದೊಡ್ಡಪ್ಪಗ ಎಷ್ಟು ಮಂದಿ ಹೆಣ್ಣುಮಕ್ಕಳು?"

"ಇಬ್ಬರ," ಎಂದಳು ತುಳಜಾ, ಹಲ್ಲು ಕಚ್ಚಿ. ದೊಡ್ಡಪ್ಪನ ಮೇಲೆ ಅವಳಿಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಆಗ ಸ್ಕೂಟಿ ನಿಲ್ಲಿಸಿ ಸಹನಾ ಟೀಚರು ಬಂದರು. ಮುಂಡಗೋಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಸ್ಟೇಟಸ್ ನೋಡಿ ಬಂದಿದ್ದರು. ಕಣ್ಣಲ್ಲಿ ತೀರ್ಥಯಾತ್ರೆಗೆ ಬಂದವರ ಭಕ್ತಿ.

"ಒಂದರಿಂದ ಹನ್ನೆರಡರ ತನಕ ಯಾವುದರಿಂದ ಭಾಗಿಸಿದ್ರೂ ಶೇಷ ಬರದ ಸಂಖ್ಯಾದಾಗ ಇದ ಎಲ್ಲಾಕಿಂತ ಸಣ್ಣದು. ಗೊತ್ತೇನ್ರಿ? ಇದಕ್ಕಿಂತ ಒಂದ ಬಿಲ್ಲಿ ಕಡಿಮಿ ತಂದಿದ್ರೂ ಕೆಟ್ಟಿತ್ತು, ಒಂದ ಹೆಚ್ಚು ತಂದಿದ್ರೂ ಕೆಟ್ಟಿತ್ತು. ಹೆಂಗ ಕಂಡುಹಿಡಿದ್ರಿ ಲಾಲು ಅವರ?"

"ಬಸ್ಸಿನ್ಯಾಗ ಕಣ್ಣು ಮುಚ್ಚಿದ್ದೆರಿ," ಎಂದ ಲಾಲು. "ಕಣ್ಣು ತೆಗದಾಗ ಆಗಿಹೋಗಿತ್ತು."

ಇದು ಅವನು ಆ ವಾರ ಹೇಳಿದ ಮೊದಲ ಸತ್ಯ.

"ಧ್ಯಾನ!" ಎಂದರು ಸಹನಾ ಟೀಚರು. "ಆದ್ರ ಹದಿಮೂರಕ್ಕ ಮಾತ್ರ ಇದು ನಡಿಯೂದಿಲ್ಲ, ಅಲ್ಲೇನ್ರಿ? ನಾಲ್ಕು ಉಳೀತಾವ. ಹದಿಮೂರಕ್ಕೂ ನಡೀಬೇಕಂದ್ರ ಮೂರು ಲಕ್ಷ ಅರವತ್ತು ಸಾವಿರದ ಮುನ್ನೂರಾ ಅರವತ್ತು ಬೇಕು."

"ಅಷ್ಟು ಕನ್ನಡಿ ಹಚ್ಚಿದ್ರ ತಾಯಿಗೆ ಕಣ್ಣು ಬಿಡಾಕ ಆಗೂದಿಲ್ಲ ಟೀಚರ್," ಎಂದ ಲಾಲು. "ಅದಕ್ಕ ನಾ ಹನ್ನೆರಡಕ್ಕ ನಿಲ್ಲಿಸೇನಿ."

ಆದರೆ ಹದಿಮೂರು ಎಂಬ ಮಾತು ತುಳಜಾಳ ಕಿವಿಗೆ ಬಿದ್ದಾಗಿತ್ತು. ಅವಳ ಮುಖ ದೀಪ ಹಚ್ಚಿದಂತಾಯಿತು. ಸುತ್ತ ನೋಡಿದಳು. "ಟೀಚರ್, ನೀವೂ ಒಂದು ಸೂಜಿ ಹಿಡೀರಲ್ಲಾ! ಪುಣ್ಯಾ ಬರ್ತೈತಿ."

"ನನಗ ಅಂಗಿ ಗುಂಡಿ ಹಚ್ಚಾಕೂ ಬರೂದಿಲ್ಲವಾ," ಎಂದರು ಟೀಚರು.

"ಸೂಜಿ ತಗೀರಿ, ಲಗೂನ ಶುರು ಮಾಡೂಣು," ಎಂದು ಚಂದ್ರಿಬಾಯಿ ದಾರ ಪೋಣಿಸಲು ಹೊರಟಳು. ದಾರ ಸೂಜಿಯ ಕಣ್ಣು ಹೊಗುವುದರೊಳಗೆ ಬಾಗಿಲಲ್ಲಿ ಒಂದು ರಿಕ್ಷಾ ನಿಂತಿತು. ಅಮೀರಸಾಬರು ಇಳಿದರು. ಹಿಂದೆ ಅವರ ಮನೆಯವರು, ನಸೀರಾ.

ಲಾಲು ಎಮ್ಮೆಯ ಕಡೆಗೆ ಎರಡು ಹೆಜ್ಜೆ ಸರಿದ.

"ಅರೇ ಲಾಲೂ ಭಾಯ್! ದಾಂಡೇಲಿ ತುಂಬ ನಿಮ್ಮದ ವಿಡಿಯೋ!" ಅಮೀರಸಾಬರು ಎರಡೂ ಕೈ ಚಾಚಿ ಬಂದರು. "ನಾ ಮಂದಿಗೆ ಹೇಳೇನಿ, ಆ ಹರಕ ಪಾಕೀಟು ನನ್ನ..."

"ಚಾ ಕುಡೀರಿ ಸಾಬ್ರ!" ಲಾಲು ಕಪ್ಪು ತಂದು ಬಾಯಿಗೇ ಹಿಡಿದ.

"ಕುಡೀತೇನಿ, ಕುಡೀತೇನಿ. ಅವತ್ತ ನೀವು ಇನ್ನೂರು ಕೇಳಿದ್ರಿ, ನನ್ನ ಹತ್ರ..."

"ಚುರಮುರಿ ತಿನ್ರಿ ಸಾಬ್ರ!"

"ಅವರಿಗೆ ಮಾತಾಡಾಕ ಬಿಡ್ರಿ," ಎಂದಳು ತುಳಜಾ, ಜೇನಿನಂಥ ದನಿಯಲ್ಲಿ.

ಅಮೀರಸಾಬರು ಚುರಮುರಿ ನುಂಗಿ, ಕಿಸೆಯಿಂದ ಒಂದು ಮಡಿಸಿದ ಕರವಸ್ತ್ರ ತೆಗೆದು ಬಟ್ಟೆಯ ಮೇಲೆ ಬಿಚ್ಚಿದರು. ಒಂಬತ್ತು ಕನ್ನಡಿ ಬಿಲ್ಲೆಗಳು ಬಿಸಿಲಿಗೆ ಮಿಂಚಿದವು.

"ರ‍್ಯಾಕಿನ ಬುಡಕ ಬಿದ್ದಿದ್ದೂ. ಹರಕ ಪಾಕೀಟಿಂದ ಉದುರ್ಯಾವ. ನಿನ್ನೆ ಕಸಾ ಹೊಡಿಯುವಾಗ ಸಿಕ್ಕೂ. ತಾಯೀ ಹೆಸರ್ಲೆ ಕೊಟ್ಟ ಮಾಲು, ನನ್ನ ಅಂಗಡ್ಯಾಗ ಉಳದ್ರ ನನಗ ಊಟಾ ಹತ್ತೂದಿಲ್ಲ. ತಗೋರಿ, ನಿಮ್ಮ ಅಮಾನತ್ತು, ನಿಮಗ ಸೇರಿದ್ದು."

ಪ್ರಾಮಾಣಿಕತೆಯಿಂದ ಇಷ್ಟು ದೊಡ್ಡ ಅನಾಹುತ ಆದದ್ದು ಆ ಕಡೆಗೆ ಅದೇ ಮೊದಲು.

"ಇಪ್ಪತ್ತೇಳು ಸಾವಿರದ ಏಳುನೂರಾ ಇಪ್ಪತ್ತೊಂಬತ್ತು," ಎಂದ ಹರೀಶ, ಯಾರೂ ಕೇಳದಿದ್ದರೂ. "ಹನ್ನೆರಡು ಮಂದಿಗೆ... ಒಂಬತ್ತು ಉಳೀತಾವ."

"ಒಂದಕ್ಕ ಎರಡು ವರ್ಷ ಜಗಳಾ," ಎಂದಳು ತುಳಜಾ, ಬೆರಳು ಮಡಚುತ್ತ. "ಒಂಬತ್ತಕ್ಕ ಹದಿನೆಂಟು ವರ್ಷ."

ಹನ್ನೆರಡೂ ಹೆಂಗಸರು ಒಟ್ಟಿಗೆ ಮಾತಾಡತೊಡಗಿದರು. ಹಿರಿಯಳು ಎಂದರು, ಕಿರಿಯಳು ಎಂದರು, ಹಳೆಯ ಬಿಲ್ಲೆಯ ಕಥೆ ತೆಗೆದರು. ಸಹನಾ ಟೀಚರು "ಕೂಡ್ರಿ, ಕೂಡ್ರಿ" ಎಂದು ತರಗತಿಯ ದನಿ ತೆಗೆದರು. ನಾಯಕರು ನಿಟ್ಟುಸಿರು ಬಿಟ್ಟು ಕಿಸೆಯಿಂದ ಫೋನ್ ತೆಗೆದು ಕನ್ನಡಕ ಹುಡುಕತೊಡಗಿದರು. ಚಂದ್ರಿಬಾಯಿ ಮಾತ್ರ ಪೋಣಿಸದ ದಾರ ಹಿಡಿದುಕೊಂಡು, ಗುಡಿಯ ಮೇಲಿನ ನೀಲಿ ತಾಡಪತ್ರಿಯನ್ನು ನೋಡುತ್ತ ಕೂತಳು. ಅದನ್ನು ಕಂಡ ಲಾಲುವಿಗೆ ಬೈಗುಳವಾದರೂ ಬಂದಿದ್ದರೆ ಚಲೋ ಇತ್ತು ಅನಿಸಿತು. ರುಮಾಲು ತೆಗೆದು ಕೈಯಲ್ಲಿ ಹಿಡಿದು, "ನೋಡ್ರಿ, ಖರೇ ಅಂದ್ರ ನಾ ಬಸ್ಸಿನ್ಯಾಗ..." ಎಂದು ಶುರು ಮಾಡಿದ. ಯಾರಿಗೂ ಕೇಳಲಿಲ್ಲ.

ಆಗ ಅಲ್ಲಿಯ ತನಕ ಬಾಗಿಲ ಬಳಿಯೇ ನಿಂತಿದ್ದ ನಸೀರಾ ಮುಂದೆ ಬಂದು ಚಂದ್ರಿಬಾಯಿಯ ಮುಂದೆ ಕೂತಳು. ಬುರ್ಖಾದ ಒಳಗಿನಿಂದ ಒಂದು ಪುಟ್ಟ ಡಬ್ಬಿ ತೆಗೆದಳು.

"ಮೂವತ್ತು ವರ್ಷಾತು ಅಕ್ಕಾ, ಈ ಬಿಲ್ಲಿ ಮಾರಾಕ ಹತ್ತೇವಿ. ನಿಮ್ಮ ಮಂದಿ ಒಯ್ತಾರ, ಬಟ್ಟೀ ಮ್ಯಾಲ ಚುಕ್ಕಿ ಮೂಡಿಸ್ತಾರ. ನನ್ನ ಕೈಲೆ ಒಂದೂ ಹೊಲದಿಲ್ಲ. ಬರೂ ಮುಂದ ಸೂಜಿ ಹಿಡಕೊಂಡ ಬಂದೇನಿ. ನನಗೂ ಒಂದು ಪಾಲು ಕೊಡ್ತೀರೇನು?"

ಸೂಜಿ ಹಿಡಿದು ಬಂದವಳಿಗೆ ಬೇಡ ಎನ್ನುವಂತಿಲ್ಲ. ಬೇಡ ಎನ್ನುವ ಮನಸ್ಸು ಚಂದ್ರಿಬಾಯಿಗೆ ಇರಲೂ ಇಲ್ಲ. ಮುರಿಯುವುದು ಮುರಿದೇ ಹೋಗಿದೆ, ಬಂದವಳು ಕೂಡಲಿ ಎಂದು ಪಕ್ಕಕ್ಕೆ ಸರಿದಳು. "ಬಾ ಯಕ್ಕಾ, ಕೂಡ."

"ಹದಿಮೂರು!" ತುಳಜಾ ಚಪ್ಪಾಳೆ ತಟ್ಟಿದಳು. "ಟೀಚರ್ರ ಹೇಳ್ಯಾರ, ಹದಿಮೂರಕ್ಕ ನಾಲ್ಕು ಉಳೀತಾವ!"

"ತಡೀರಿ," ಎಂದರು ಸಹನಾ ಟೀಚರು. ಅವರ ಮುಖದ ಬಣ್ಣ ಬದಲಾಗಿತ್ತು. "ತಡೀರಿ, ತಡೀರಿ. ಆಗ ನಾಲ್ಕು ಉಳೀತಿದ್ದೂ. ಈಗ ಮ್ಯಾಲ ಒಂಬತ್ತು ಬಂದಾವ. ನಾಲ್ಕೂ ಒಂಬತ್ತೂ ಕೂಡಿದ್ರ..."

ಹರೀಶನ ಬೆರಳು ಆಗಲೇ ಒತ್ತಿತ್ತು. ಅವನು ಮೊಬೈಲನ್ನು ಒಮ್ಮೆ ಅಂಗಿಗೆ ಒರೆಸಿ ಮತ್ತೆ ನೋಡಿದ.

"ಎರಡು ಸಾವಿರದ ನೂರಾ ಮೂವತ್ತಮೂರು," ಎಂದು ಕೂಗಿದ. "ಹದಿಮೂರು ಮಂದಿಗೆ ತಲಾ ಎರಡು ಸಾವಿರದ ನೂರಾ ಮೂವತ್ತಮೂರು! ಒಂದೂ ಉಳಿದಿಲ್ಲ! ಯಣ್ಣಾ, ಒಂದೂ ಉಳಿದಿಲ್ಲೋ!"

ನಾಯಕರು ಫೋನನ್ನು ಕಿಸೆಗೆ ಹಾಕಿಕೊಂಡರು. ಸಹನಾ ಟೀಚರು ಲಾಲುವಿನ ಕಡೆಗೆ ತಿರುಗಿ, ಕೈ ಮುಗಿದರು. ಲಾಲು ರುಮಾಲನ್ನು ತಲೆಯ ಮೇಲಿಟ್ಟುಕೊಂಡ. ಇಟ್ಟುಕೊಂಡವನು ಒಮ್ಮೆಲೇ ಬಾಗಿಲ ಕಡೆ ಓಡಿ, ಎರಡೂ ಕೈ ಅಡ್ಡ ಚಾಚಿ ನಿಂತು ಚೀರಿದ:

"ಸೂಜಿ ಚುಚ್ಚರಿ! ಹದಿನಾಲ್ಕನೇದಾಕಿ ಬರೂದ್ರಾಗ ಮದ್ಲ ಸೂಜಿ ಚುಚ್ಚರಿ!"

ಚಂದ್ರಿಬಾಯಿ ದಾರ ಪೋಣಿಸಿದಳು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಸೂಜಿಯನ್ನು ತುಳಜಾಳ ಕೈಯಲ್ಲಿಟ್ಟಳು.

"ಮದಲನೇ ಬಿಲ್ಲಿ ನೀ ಹಚ್ಚ ತಂಗಿ. ನೀ ಇಷ್ಟು ಏಳ್ಲಿಲ್ಲಾ ಕೂಡ್ಲಿಲ್ಲಾ ಅಂದ್ರ ಇವರ ಲೆಕ್ಕಾ ಖರೇ ಐತಿ ಅಂತ ಯಾರಿಗೆ ಗೊತ್ತಾಗ್ತಿತ್ತು?"

ತುಳಜಾ ಸೂಜಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿದಳು. ಮೂಗು ಏರಿಸಿಕೊಂಡು ಮೊದಲ ಹೊಲಿಗೆ ಹಾಕಿದಳು. ಪಾಲು ಗಟ್ಟಿಯಾಯಿತು.

ಗದ್ದಲ ಇಳಿದ ಮೇಲೆ ಅಮೀರಸಾಬರು ಲಾಲುವನ್ನು ಎಮ್ಮೆಯ ಹತ್ತಿರ ಕರೆದೊಯ್ದು ಕಿವಿಯಲ್ಲಿ ಕೇಳಿದರು: "ಖುದಾನ ಮ್ಯಾಲ ಆಣಿ ಮಾಡಿ ಹೇಳ್ರಿ ಲಾಲೂ ಭಾಯ್. ನನ್ನ ಅಂಗಡ್ಯಾಗ ಆ ಒಂಬತ್ತು ಬೀಳಿಸಿ ಬಂದದ್ದೂ ನಿಮ್ಮ ಲೆಕ್ಕಾನ ಏನು?"

"ಚಾ ಕುಡೀರಿ ಸಾಬ್ರ," ಎಂದ ಲಾಲು.

ಆ ಚಳಿಗಾಲ ಪೂರ್ತಿ ಹದಿಮೂರು ಸೂಜಿಗಳು ಓಡಿದವು. ನಸೀರಾ ವಾರಕ್ಕೊಮ್ಮೆ ದಾಂಡೇಲಿಯಿಂದ ಬರುವಳು, ಮುಗಿದ ತುಂಡು ಕೊಟ್ಟು ಹೊಸ ತುಂಡು ಒಯ್ಯುವಳು. ಹೋಳಿಯ ದಿನ ನೀಲಿ ತಾಡಪತ್ರಿ ಇಳಿಯಿತು, ಮೇಲ್ಕಟ್ಟು ಏರಿತು. ಹಳಿಯಾಳ ಕಡೆಯ ತಾಂಡಾದವರು ಎರಡು ಟ್ರ್ಯಾಕ್ಟರಿನಲ್ಲಿ ಬಂದು ನಿಂತು ಚಪ್ಪಾಳೆ ಹೊಡೆದು ಹೋದರು. ಹೆಚ್ಚು ಜೋರಾಗಿ ಹೊಡೆಸಿದವಳು ತುಳಜಾ. ದೀಪ ಹಚ್ಚಿದಾಗ ಪ್ರತಿಯೊಂದು ಬಿಲ್ಲೆಯಲ್ಲಿಯೂ ತಾಯಿ ಕಾಣಿಸಿದಳು. ಒಬ್ಬಳೇ ಇದ್ದವಳು ಅಷ್ಟೂ ಕನ್ನಡಿಗಳಿಗೆ ತನ್ನನ್ನು ಹಂಚಿಕೊಂಡಿದ್ದಳು, ಯಾವುದಕ್ಕೂ ಹೆಚ್ಚಿಲ್ಲ, ಯಾವುದಕ್ಕೂ ಕಡಿಮೆಯಿಲ್ಲ. ಆ ಲೆಕ್ಕ ಸಹನಾ ಟೀಚರಿಗೂ ಬರುವುದಿಲ್ಲ.

ಲಾಲುವನ್ನು ನಾಯಕರು ತಮ್ಮ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂಡಿಸಿಕೊಂಡಿದ್ದರು. ಅವನು ಇನ್ನೇನು ನಿದ್ದೆಗೆ ಜಾರಬೇಕು, ಅಷ್ಟರಲ್ಲಿ ಚಂದ್ರಿಬಾಯಿ ಬಂದು ಕೈಗೆ ಚೀಲ ಕೊಟ್ಟಳು.

"ಹೋಳಿಗಿಗೆ ಬೆಲ್ಲಾ ಸಾಲೂದಿಲ್ಲ. ಪ್ಯಾಟಿಗೆ ಹೋಗಿ ತಗೊಂಡು ಬರ್ರಿ."

ಲಾಲು ಎದ್ದು ನಿಂತು, ಅಭ್ಯಾಸದಂತೆ ಪಾಠ ಒಪ್ಪಿಸಲು ಕಿವಿ ಮುಂದೆ ಮಾಡಿದ. "ಎಷ್ಟು?"

ಚಂದ್ರಿಬಾಯಿ ಒಮ್ಮೆ ಮೇಲ್ಕಟ್ಟು ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು.

"ನೀವು ತಂದಷ್ಟು," ಎಂದಳು.